ನಾಲ್ಕೂಕಾಲಿನ ಮೇಲೆ

ನಾಲ್ಕೂಕಾಲಿಗೆ ಶಾಲೆಯ ಗಂಟೆ.
ರೀಲಿಂಗ್ ಒಲೆ ಆರುವುದು ಏಳಕ್ಕೆ.
ನಡುವಿನ ಸಂಜೆ, ನಮ್ಮ ಶಿಡ್ಲಘಟ್ಟದಲ್ಲಿ,
ಚರಂಡಿಯದು, ಮೊಬೈಲಿನದು,
ತಮ್ಮನನ್ನು ಸೊಂಟಕ್ಕೇರಿಸಿಕೊಂಡು
ಸೊಂಟವೇ ವಾರೆಯಾದ ಅಕ್ಕಂದಿರದು.

ಅದಕ್ಕೇ ಬಾಡಿಗೆಗೆ ಹಿಡಿದೆವು
ಗೂಡಿನ ಮಾರುಕಟ್ಟೆ ಹಿಂದಿನ ಹಳೇ ಗೋದಾಮು.
ಇಪ್ಪತ್ತೆಂಟು ಮಕ್ಕಳು, ಒಂದು ಫ್ಯಾನು, ನಾನು.

ಮೊದಲ ವರ್ಷ ಏನು ಮಾಡಿದೆ, ಹೇಳಿಬಿಡುತ್ತೇನೆ:
ಇನ್ನೊಂದು ಶಾಲೆ ಮಾಡಿದೆ.
ಅದೇ ಮಗ್ಗಿ, ಅದೇ ಕಾಪಿ, ಅದೇ ಬಾಯ ಮೇಲೆ ಬೆರಳು.
ಕನ್ನಡ ಬಿಟ್ಟು ಬೇರೆ ಆಡಿದರೆ
ಬಾಗಿಲ ಪಕ್ಕ ನಿಲ್ಲಬೇಕು.
ಮನೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು ಆಡುವ ಮಕ್ಕಳು
ನಿಂತೂ ನಿಂತೂ
ಬಾಗಿಲೇ ಕಾಣದಷ್ಟು ನಿಂತರು.
ಅಂಜನಮೂರ್ತಿ ಹದಿನೇಳರ ಮಗ್ಗಿಯ ಮೇಲೆ
ಕೆನ್ನೆಯಿಟ್ಟು ಮಲಗಿಬಿಡುತ್ತಿದ್ದ.
ಎಬ್ಬಿಸುತ್ತಿದ್ದೆ.
ಎಬ್ಬಿಸುವುದೇ ಪಾಠ ಅಂದುಕೊಂಡಿದ್ದೆ.

ಹಾಜರಿ ಮಾತ್ರ ಚೆನ್ನಾಗಿತ್ತು.
ಜಿಲ್ಲೆಯಿಂದ ಬಂದವರು ಪುಸ್ತಕ ತಿರುವಿ
'ಶಿಸ್ತು ಉತ್ತಮ' ಅಂತ ಬರೆದು, ಟೀ ಕುಡಿದು ಹೋದರು.
ಆ ಎರಡು ಪದ ಮನೆಯಲ್ಲಿ ಎರಡು ಸಲ ಓದಿ ಹೇಳಿದೆ.

ಆಮೇಲೊಂದು ಆಷಾಢದ ಸಂಜೆ ಕರೆಂಟು ಹೋಯಿತು.
ಬೆರಳೇ ಕಾಣದ ಕತ್ತಲು, ಇನ್ನು ಬಾಯಿ ಯಾರಿಗೆ ಕಾಣಬೇಕು?
ಮೂರನೇ ಸಾಲಿನಿಂದ ತಸ್ಮಿಯಾ, ಪಕ್ಕದವಳಿಗೆ:
"ನಮ್ಮಮ್ಮಿ ಬಿಸಿನೀರಲ್ಲಿ ಗೂಡಿಗೆ
ಮೊದಲು ಬರೀ ಬ್ರಶ್ ಆಡಿಸ್ತಾಳೆ ಕಣೇ.
ತುದಿ ಸಿಗೋವರೆಗೂ ಎಳೆಯಲ್ಲ.
ಎಳೆದ್ರೆ ಎಲ್ಲಾ ವೇಸ್ಟು."

ಅವಳು ಹೇಳಿದ್ದು ಗೂಡಿನ ವಿಷಯ, ನನ್ನದಲ್ಲ.
ಆದರೂ ಕರೆಂಟು ಬಂದಾಗ
ನನ್ನ ಕೈಯಲ್ಲಿದ್ದ ಸ್ಕೇಲನ್ನು
ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮರುದಿನವೇ ಎಲ್ಲ ಸರಿಹೋಯಿತು ಅಂದರೆ ಸುಳ್ಳು.
ಮೊದಲ ವಾರ ಒಂದು ಕಿಟಕಿ ಗಾಜು, ಎರಡು ಮೂಗಿನ ರಕ್ತ.
"ಆಡೋಕೆ ಬೀದಿ ಇಲ್ವಾ? ನೀವ್ಯಾಕೆ?"
ಅಂತ ಬಂದರು ತಂದೆಯರು. ಅವರ ಮಾತಿಗೆ
ನನ್ನ ಹತ್ತಿರ ಆಗ ಉತ್ತರವಿರಲಿಲ್ಲ.

ಒಂದೊಂದಾಗಿ ತುದಿ ಸಿಕ್ಕಿತು.
ಬಂದ ಕೂಡಲೇ ಬೇಯಿಸಿದ ಕಡ್ಲೆಕಾಯಿ, ಪಾಠ ಆಮೇಲೆ.
ಮಲಗುವವನಿಗೆ ಗೋಣಿಚೀಲ ಹಾಸಿದ ಒಂದು ಮೂಲೆ.
(ಅಂಜನಮೂರ್ತಿ ಅರ್ಧ ಗಂಟೆಗೇ ಎದ್ದ.
ರಾತ್ರಿಯೆಲ್ಲಾ ತಾತನ ಜೊತೆ ಹುಳುವಿಗೆ ಸೊಪ್ಪು ಹಾಕುತ್ತಾನಂತೆ,
ಇಡೀ ವರ್ಷ ನಾನು ಕೇಳಿರಲೇ ಇಲ್ಲ.)
ಮುರಿದ ಚಂದ್ರಿಕೆಯೊಂದನ್ನು ಗೋಡೆಗೆ ಒರಗಿಸಿದೆವು.
ಹುಳು ಗೂಡು ಕಟ್ಟುತ್ತಿದ್ದ ಬಿದಿರ ಸುರುಳಿಯಲ್ಲಿ
ಈಗ ಚಿತ್ರಗಳು ಸಿಕ್ಕಿಕೊಂಡಿವೆ, ಹೆಚ್ಚಿನವು ಬಸ್ಸು.
ಏಳನೇ ಕ್ಲಾಸಿನ ಮುನಿಕೃಷ್ಣ ಚಿಕ್ಕವರ ಜೊತೆ ಕೂರಲೊಲ್ಲ,
ಗೋದಾಮಿನ ಬೀಗದಕೈ ಅವನಿಗೇ ಕೊಟ್ಟೆ.
ಒಂದು ದಿನವೂ ತಡವಾಗಿ ಬಂದಿಲ್ಲ.
ಮಾರುಕಟ್ಟೆಯಲ್ಲಿ ಗೂಡು ತೂಗಿ ತೂಗಿ ನಿವೃತ್ತನಾದ ಪಿಳ್ಳಪ್ಪ
ಹಳೇ ತಕ್ಕಡಿ ತಂದು ನೇತುಹಾಕಿದ.
ಮಗ್ಗಿ ಈಗ ಅಲ್ಲಿ ತೂಗುತ್ತದೆ, ಬೀಜ ಬೀಜವಾಗಿ,
ಮೂರು ಭಾಷೆಯಲ್ಲಿ ಕೂಗಾಡಿಕೊಂಡು.

ಜಿಲ್ಲೆಯವರು ಮತ್ತೆ ಬಂದರು. "ಇದೇನ್ರೀ, ಸಂತೆ?"
ಅಂಜನಮೂರ್ತಿ ಅವರಿಗೊಂದು ತೆಲುಗು ಒಗಟು ಒಡ್ಡಿದ.
ಅವರಿಗೆ ಬರಲಿಲ್ಲ. ಶಿಸ್ತಿನ ಕಾಲಂ ಖಾಲಿ ಬಿಟ್ಟು
ಮೆಟ್ಟಿಲಿಳಿದರು. ಜೀಪಿನವರೆಗೂ ಹೋಗಿ
ವಾಪಸ್ ಬಂದರು,
ಉತ್ತರ ಕೇಳಿಕೊಂಡು ಹೋಗಲು.

ಏಳೂಹತ್ತು. ಶಟರ್ ಅರ್ಧ ಎಳೆದಾಗಿದೆ.
ಹೇಮಶ್ರೀ ಇನ್ನೂ ಇದ್ದಾಳೆ,
ಚಪ್ಪಲಿ ಅದಲುಬದಲು ಹಾಕಿಕೊಂಡು.
ಅವಳಮ್ಮ ಬಂದಳು, ಬೆರಳ ತುದಿ
ಬಿಸಿನೀರಿಗೆ ಬೆಳ್ಳಗೆ ಸುಕ್ಕಾಗಿ,
ಸೆರಗಿನಲ್ಲಿ ಬೆಂದ ಹುಳುವಿನ ವಾಸನೆ.
ಹೋದ ವರ್ಷ ಕೇಳುತ್ತಿದ್ದಳು: ಎಷ್ಟು ಪುಟ ಬರೆದಳು?
ಇವತ್ತು: "ಏನು ಮಾಡಿದಳು?"

"ಜಗಳ. ತಕ್ಕಡಿ ಸರಿಯಿಲ್ಲ ಅಂತ, ಪಿಳ್ಳಪ್ಪನ ಮೇಲೆ."
"ಸರಿಯಿತ್ತಾ?"
"ಇರಲಿಲ್ಲ."

ಅವಳು ಮಗಳ ಚಪ್ಪಲಿ ಸರಿಮಾಡಿ ಹಾಕಿದಳು.
ನಾಳೆ ಪಿಳ್ಳಪ್ಪ ಹೊಸ ಬಟ್ಟು ತರಬೇಕು.